ಎಲ್ಲ ಭಾಗ ಬದಲಿಸಿದ ಮೇಲೂ ಪವರ್ ಸ್ಟೀರಿಂಗ್ ಸಡಿಲವೇಕೆ?

ಪ್ರಶ್ನೆ: ನನ್ನ ಬಳಿ 1996ರ ಡಬ್ಲ್ಯೂ124 ಮರ್ಸಿಡಿಸ್ ಇ220 ಇದೆ. ಟೈ ರಾಡ್‌ಗಳು, ಡ್ರ್ಯಾಗ್ ಲಿಂಕ್, ಐಡ್ಲರ್ ಆರ್ಮ್ ಬುಷ್, ಸ್ಟೀರಿಂಗ್ ಡ್ಯಾಂಪರ್, ಹೀಗೆ ಸ್ಟೀರಿಂಗ್ ಬಾಕ್ಸಿಗೂ ಚಕ್ರಗಳಿಗೂ ನಡುವಿನ ಭಾಗಗಳನ್ನೆಲ್ಲ ಹೊಸದಾಗಿ ಹಾಕಿಸಿದ್ದೇನೆ. ಆದರೂ ಹೆದ್ದಾರಿಯಲ್ಲಿ ಸ್ಟೀರಿಂಗ್ ಸಡಿಲವಾಗಿದೆ, ಮೊದಲಿಗಿಂತ ಹೆಚ್ಚೇ ಎನ್ನಬೇಕು. ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ಸ್ವಲ್ಪ ಬಿಗಿ ಮಾಡಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಮಾಡಿಸಲೇ?

ಉತ್ತರ: ಈಗಲೇ ಮಾಡಿಸಬೇಡಿ. 1995ರಲ್ಲಿ ಪುಣೆಯಲ್ಲಿ ಜೋಡಣೆ ಆರಂಭವಾದ ಈ ಕಾರುಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರು ನಮ್ಮಲ್ಲಿ ಹಲವರಿದ್ದಾರೆ. ಅವರಿಂದ ಬರುವ ಪ್ರಶ್ನೆಗಳಲ್ಲಿ ಕಾರಿನ ಬಣ್ಣ ಮತ್ತು ವರ್ಷ ಬದಲಾಗುತ್ತವೆ, ಸ್ಕ್ರೂವಿನ ಮಾತು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಬಾರಿ ಆ ಸ್ಕ್ರೂ ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಪೂರ್ತಿಯಾಗಿ ಬರೆಯುತ್ತೇನೆ.

ಸ್ಟೀರಿಂಗ್ ಬಾಕ್ಸಿನೊಳಗೆ ಒಂದು ವರ್ಮ್ ಶಾಫ್ಟ್ ಇದೆ. ಅದರ ಸುರುಳಿ ತೋಡುಗಳಲ್ಲಿ ಉರುಳುವ ಉಕ್ಕಿನ ಗೋಲಿಗಳ ಮೇಲೆ ಒಂದು ದೊಡ್ಡ ನಟ್ ಹಿಂದೆ ಮುಂದೆ ಸರಿಯುತ್ತದೆ. ಪಂಪಿನಿಂದ ಬರುವ ಆಯಿಲ್ ಒತ್ತಡ ತಳ್ಳುವುದೂ ಇದನ್ನೇ. ನಟ್ಟಿನ ಹೊರಮೈಯ ಹಲ್ಲುಗಳು ಸೆಕ್ಟರ್ ಶಾಫ್ಟಿನ ಹಲ್ಲುಗಳಿಗೆ ಕಚ್ಚಿಕೊಂಡು ಅದನ್ನು ತಿರುಗಿಸುತ್ತವೆ, ಆ ಶಾಫ್ಟಿನ ತುದಿಗೆ ಡ್ರ್ಯಾಗ್ ಲಿಂಕನ್ನು ಎಳೆಯುವ ಡ್ರಾಪ್ ಆರ್ಮ್ ಕೂತಿದೆ. ಮೇಲಿನ ಸ್ಕ್ರೂ ಸೆಕ್ಟರ್ ಶಾಫ್ಟನ್ನು ಉದ್ದಕ್ಕೆ ಸರಿಸಿ, ಈ ಎರಡು ಸಾಲು ಹಲ್ಲುಗಳ ನಡುವಿನ ಸಂದನ್ನು ಕಡಿಮೆ ಮಾಡುತ್ತದೆ. ಅದರ ಅಧಿಕಾರ ಅಲ್ಲಿಗೆ ಮುಗಿಯಿತು. ವರ್ಮ್ ಬೇರಿಂಗ್ ಸವೆದಿದ್ದರೆ, ಸ್ಟೀರಿಂಗ್ ಶಾಫ್ಟಿನ ಕಪ್ಲಿಂಗ್ ಹರಿದಿದ್ದರೆ, ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟ್ ಸಡಿಲವಾಗಿದ್ದರೆ ಆ ಸ್ಕ್ರೂವಿನಿಂದ ಏನೂ ಆಗುವುದಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಹಲ್ಲುಗಳನ್ನು ಎಲ್ಲ ಕಡೆಯೂ ಒಂದೇ ಬಿಗಿ ಇರುವಂತೆ ಕೊರೆದಿರುವುದಿಲ್ಲ. ಚಕ್ರಗಳು ನೇರವಾಗಿರುವಾಗ, ಅಂದರೆ ಬಾಕ್ಸಿನ ಸರಿಯಾದ ಮಧ್ಯದಲ್ಲಿ, ಹಲ್ಲುಗಳು ಸಂದೇ ಇಲ್ಲದಂತೆ ಕಚ್ಚಿಕೊಳ್ಳುತ್ತವೆ. ಎಡಕ್ಕೋ ಬಲಕ್ಕೋ ತಿರುಗಿದಂತೆ ಉದ್ದೇಶಪೂರ್ವಕವಾಗಿ ಬಿಟ್ಟ ಸಣ್ಣ ಸಂದು ತೆರೆದುಕೊಳ್ಳುತ್ತದೆ. ನೇರ ಓಟದಲ್ಲಿ ಹಿಡಿತ ಬೇಕು, ತಿರುವಿನ ನಂತರ ಚಕ್ರಗಳು ತಾವೇ ಸಲೀಸಾಗಿ ಮರಳಬೇಕು ಎಂಬ ಎರಡು ಅಗತ್ಯಗಳನ್ನೂ ಪೂರೈಸುವ ವಿನ್ಯಾಸ ಇದು, ಮತ್ತು ಬಹಳ ಜಾಣ್ಮೆಯ ವಿನ್ಯಾಸ.

ಈಗ ನಿಮ್ಮ ಕಾರಿಗೆ ಬರೋಣ. ಹೊಸ ಟೈ ರಾಡ್‌ಗಳನ್ನು ಹಾಕಿದವರು ಎರಡರ ಉದ್ದವನ್ನೂ ಸಮವಾಗಿ ಹೊಂದಿಸದೆ, ಒಂದನ್ನೇ ತಿರುಗಿಸಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಪ್ರಮಾಣ) ಸರಿಮಾಡಿರುತ್ತಾರೆ. ಆಗ ಕಾರು ನೇರ ಹೋಗುವಾಗ ಸ್ಟೀರಿಂಗ್ ವೀಲ್ ಓರೆಯಾಗಿ ಕಾಣುತ್ತದೆ. ಮಾಲೀಕರು ದೂರುತ್ತಾರೆ, ಗ್ಯಾರೇಜಿನವರು ಸ್ಟೀರಿಂಗ್ ವೀಲನ್ನೇ ಕಳಚಿ, ಅದು ಕೂರುವ ಶಾಫ್ಟಿನ ಮೇಲೆ ಒಂದೆರಡು ಹಲ್ಲು ಸರಿಸಿ, ನೇರವಾಗಿ ಕೂರಿಸಿಕೊಡುತ್ತಾರೆ. ಕಣ್ಣಿಗೆ ಎಲ್ಲವೂ ಸರಿಯಾಯಿತು. ಆದರೆ ಬಾಕ್ಸ್ ಈಗ ತನ್ನ ಮಧ್ಯದಲ್ಲಿಲ್ಲ. ಹೆದ್ದಾರಿಯ ನೇರ ಓಟವೆಲ್ಲ ಸಂದು ಬಿಟ್ಟಿರುವ ಪಕ್ಕದ ಹಲ್ಲುಗಳ ಮೇಲೆಯೇ ನಡೆಯುತ್ತದೆ, ಸಡಿಲ ಹೆಚ್ಚಾದಂತೆ ತೋರುತ್ತದೆ. ಭಾಗ ಬದಲಿಸಿದ ಮೇಲೆ ತೊಂದರೆ ಹೆಚ್ಚಾಯಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅನುಮಾನಿಸುವುದು ಇದನ್ನೇ.

ಈ ಸ್ಥಿತಿಯಲ್ಲಿ ಸ್ಕ್ರೂ ಬಿಗಿ ಮಾಡಿದರೆ ನೇರ ಓಟದಲ್ಲಿ ಸಡಿಲ ಮಾಯವಾಗುತ್ತದೆ, ಮಾಲೀಕರು ಸಂತೋಷದಿಂದ ಹಣ ಕೊಟ್ಟು ಹೋಗುತ್ತಾರೆ. ಆದರೆ ಸಣ್ಣ ತಿರುವಿನಲ್ಲಿ ಬಾಕ್ಸ್ ತನ್ನ ನಿಜವಾದ ಮಧ್ಯವನ್ನು ದಾಟುವಾಗ, ಮೊದಲೇ ಸಂದಿಲ್ಲದ ಹಲ್ಲುಗಳು ಒಂದನ್ನೊಂದು ಅದುಮಿ ಹಿಡಿಯುತ್ತವೆ. ಸ್ಟೀರಿಂಗ್ ಅಲ್ಲಿ ಅಂಟಿಕೊಂಡಂತಾಗುತ್ತದೆ, ತಿರುವಿನ ನಂತರ ತಾನಾಗಿ ಹಿಂದಿರುಗುವುದಿಲ್ಲ, ಚಾಲಕ ಪ್ರತಿ ಬಾರಿಯೂ ಕೈಯಿಂದ ಎಳೆದು ತರಬೇಕಾಗುತ್ತದೆ. ವೇಗದಲ್ಲಿ ಇದು ಸಡಿಲಕ್ಕಿಂತ ಅಪಾಯಕಾರಿ. ಬಾಕ್ಸ್ ಮಧ್ಯದಲ್ಲಿಯೇ ಇದ್ದು, ಲಕ್ಷಾಂತರ ಕಿಲೋಮೀಟರ್ ಓಡಿ ಮಧ್ಯದ ಹಲ್ಲುಗಳೇ ಸವೆದಿದ್ದರೆ ಫಲ ಇದರ ತಿರುಗುಮುರುಗು: ಮಧ್ಯಕ್ಕೆ ಬಿಗಿ ಮಾಡಿದಾಗ ಸವೆಯದ ಪಕ್ಕದ ಹಲ್ಲುಗಳು ಹಿಡಿದುಕೊಳ್ಳುತ್ತವೆ. ಎರಡೂ ಬಗೆಯಲ್ಲಿ ಹಲ್ಲು, ಗೋಲಿ ಮತ್ತು ತೋಡುಗಳಿಗೆ ಹಾನಿ ಖಂಡಿತ. ಸ್ಕ್ರೂ ಹೊಂದಿಸುವ ಕೆಲಸವೇ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಡ್ರ್ಯಾಗ್ ಲಿಂಕ್ ಕಳಚಿ, ಬಾಕ್ಸನ್ನು ಮಧ್ಯದಲ್ಲಿರಿಸಿ, ತಿರುಗಿಸಲು ಬೇಕಾಗುವ ಬಲವನ್ನು ಅಳೆದು ಕೊನೆಯಲ್ಲಿ ಮಾಡಬೇಕು. ಕಾರು ನಿಂತಲ್ಲೇ ಸ್ಪ್ಯಾನರ್ ಹಾಕಿ ಅಂದಾಜಿನಲ್ಲಿ ಮಾಡಬಾರದು.

ಹಾಗಾದರೆ ಮೊದಲು ಮಾಡಬೇಕಾದ ಪರೀಕ್ಷೆ ಯಾವುದು? ಕಾರನ್ನು ಪಿಟ್ ಮೇಲೆ ನಿಲ್ಲಿಸಿ. ಜ್ಯಾಕ್ ಹಾಕಿ ಎತ್ತಬೇಡಿ, ಚಕ್ರಗಳ ಮೇಲೆ ಭಾರವಿರಲಿ. ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಚಾಲೂ ಮಾಡಿ. ಎಂಜಿನ್ ನಿಂತಿರುವಾಗ ಪವರ್ ಸ್ಟೀರಿಂಗ್ ಬಾಕ್ಸಿನ ವಾಲ್ವ್ ತೆರೆಯಲು ಬೇಕಾದ ಸಣ್ಣ ಚಲನೆಯೂ ಕೈಗೆ ಸಡಿಲದಂತೆಯೇ ಸಿಗುತ್ತದೆ, ಆ ಕಾರಣಕ್ಕೇ ಒಳ್ಳೆಯ ಬಾಕ್ಸುಗಳನ್ನು ಬಿಚ್ಚಿಸಿದವರಿದ್ದಾರೆ. ಒಬ್ಬರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪವೇ ಆಡಿಸಲಿ. ನೀವು ಕೆಳಗಿನಿಂದ ಕಪ್ಲಿಂಗ್, ಬಾಕ್ಸಿನ ಬೋಲ್ಟ್, ಡ್ರಾಪ್ ಆರ್ಮ್, ಪ್ರತಿಯೊಂದು ಬಾಲ್ ಜಾಯಿಂಟ್, ಐಡ್ಲರ್ ಆರ್ಮ್ ಹೀಗೆ ಸಾಲಾಗಿ ನೋಡುತ್ತ ಬನ್ನಿ. ಚಲನೆ ಎಲ್ಲಿಯವರೆಗೆ ಬಂದು ನಿಲ್ಲುತ್ತದೆಯೋ ದೋಷ ಅಲ್ಲೇ ಇದೆ. ಆಮೇಲೆ ಮುಂದಿನ ವೀಲ್ ಬೇರಿಂಗ್ ನೋಡಿ. ಈ ಕಾರಿನಲ್ಲಿ ಅದನ್ನು ನಟ್ ಮೂಲಕ ಹೊಂದಿಸಬಹುದು.

ಚಕ್ರವನ್ನು ಚಾಸಿಗೆ ಹಿಡಿದಿರುವ ಕಂಟ್ರೋಲ್ ಆರ್ಮ್ ಬುಷ್‌ಗಳನ್ನೂ ಬದಲಿಸಿದ್ದರೆ ಅಲೈನ್‌ಮೆಂಟ್ ಹಾಳೆಯಲ್ಲಿ ಕ್ಯಾಸ್ಟರ್ (ಚಕ್ರ ಎಡ ಬಲ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಂಕಿಯನ್ನು ಕೇಳಿ ಪಡೆಯಿರಿ. ಡಬ್ಲ್ಯೂ124ರಲ್ಲಿ ಅದು ಸುಮಾರು 10 ಡಿಗ್ರಿ, ಸಾಮಾನ್ಯ ಕಾರುಗಳಿಗಿಂತ ಬಹಳ ಹೆಚ್ಚು. ಅಲ್ಲಿನ ಎಕ್ಸೆಂಟ್ರಿಕ್ ಬೋಲ್ಟುಗಳನ್ನು (ತಿರುಗಿಸಿದರೆ ಆರ್ಮಿನ ಜಾಗ ಬದಲಿಸುವ ಬೋಲ್ಟುಗಳು) ಮನಬಂದಂತೆ ಬಿಗಿದು ಕ್ಯಾಸ್ಟರ್ ಇಳಿದರೆ, ಎಲ್ಲೂ ಸಡಿಲವಿಲ್ಲದಿದ್ದರೂ ಕಾರು ಅತ್ತಿತ್ತ ಅಲೆಯುತ್ತದೆ.

ಬಾಕ್ಸ್ ಮಧ್ಯಕ್ಕೆ ತರಲು ಈ ಕಾರಿನ ಬಾಕ್ಸಿನಲ್ಲಿಯೇ ವ್ಯವಸ್ಥೆ ಇದೆ: ಒಂದು ಪ್ಲಗ್ ತೆಗೆದು ಅಲ್ಲಿ ವಿಶೇಷ ಬೋಲ್ಟ್ ಹಾಕಿದರೆ ಬಾಕ್ಸ್ ಮಧ್ಯದಲ್ಲಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಸ್ಟೀರಿಂಗ್ ವೀಲ್ ನೇರವಾಗಿ ಕೂರಿಸಿ, ಟೈ ರಾಡ್‌ಗಳಿಂದಲೇ ಟೋ ಹೊಂದಿಸಿ, ಬೋಲ್ಟ್ ಮರೆಯದೆ ತೆಗೆಸಿ. ಹೆಚ್ಚಿನ ಕಾರುಗಳ ಸಡಿಲ ಇಷ್ಟಕ್ಕೇ ಹೋಗುತ್ತದೆ. ಪಂಪ್ ಬದಲಿಸುವ ಸಲಹೆಯನ್ನು ಕೇಳಬೇಡಿ. ಪಂಪ್ ಕೆಟ್ಟರೆ ಸ್ಟೀರಿಂಗ್ ಭಾರವಾಗುತ್ತದೆ, ಸಡಿಲವಾಗುವುದಿಲ್ಲ.

ನೀವು ಕೇಳಿಲ್ಲ, ಆದರೆ ಬಾಕ್ಸನ್ನೇ ಕಿತ್ತು ರ‍್ಯಾಕ್ ಅಂಡ್ ಪಿನಿಯನ್ (ಹಲ್ಲುಪಟ್ಟಿಯನ್ನು ಸಣ್ಣ ಗೇರ್ ಅತ್ತಿತ್ತ ಸರಿಸುವ ವ್ಯವಸ್ಥೆ) ಹಾಕಿಸಿದರೆ ಹೇಗೆ ಎಂಬ ಆಲೋಚನೆ ಇಂಥ ಸಮಯದಲ್ಲಿ ಬಂದೇ ಬರುತ್ತದೆ. ಮರ್ಸಿಡಿಸ್ ಕಂಪನಿ ಇ‌-ಕ್ಲಾಸ್ ಮಾಲಿಕೆಗೆ ರ‍್ಯಾಕ್ ತಂದದ್ದು 1995ರಲ್ಲಿ, ಮುಂದಿನ ತಲೆಮಾರಿನ ಡಬ್ಲ್ಯೂ210ರಲ್ಲಿ, ಅದಕ್ಕೆಂದೇ ಹೊಸದಾಗಿ ರಚಿಸಿದ ಮುಂಭಾಗದೊಂದಿಗೆ. ಹಳೆಯ ಕಾರಿನಲ್ಲಿ ಡ್ರ್ಯಾಗ್ ಲಿಂಕ್ ಎಂಜಿನ್ನಿನ ಹಿಂಬದಿಯಲ್ಲಿ ಅಡ್ಡಲಾಗಿ ಹಾದುಹೋಗುತ್ತದೆ. ಅಲ್ಲಿ ರ‍್ಯಾಕ್ ತುರುಕಿ ಟೈ ರಾಡ್‌ಗಳ ಉದ್ದವನ್ನೂ ಕೋನವನ್ನೂ ಕೆಡಿಸಿದರೆ, ಪ್ರತಿ ಹಂಪಿನಲ್ಲಿ ಚಕ್ರಗಳು ತಮ್ಮಷ್ಟಕ್ಕೆ ತಿರುಗುತ್ತವೆ. ಅದೇ ಹಣದಲ್ಲಿ ಮೂಲ ಬಾಕ್ಸನ್ನು ತಿಳಿದವರಿಂದ ಬಿಚ್ಚಿಸಿ, ಬೇರಿಂಗ್ ಮತ್ತು ಸೀಲ್ ಹಾಕಿಸಿ, ಬೆಂಚಿನ ಮೇಲೆ ಮಧ್ಯದ ಬಿಗಿಯನ್ನು ಅಳೆಸಿಕೊಂಡು ಮರಳಿ ಕೂರಿಸಿಕೊಳ್ಳಿ.