ಮಾಡಿನ ನೀರು, ಮನೆಯ ಬಾವಿ

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ ಏಪ್ರಿಲ್ ಬಂದರೆ ಹಲವು ಕಡೆ ಟ್ಯಾಂಕರ್‌ಗೆ ಕಾಯಬೇಕು. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಗುಡ್ಡಗಳು ಇಳಿಜಾರು, ಸಮುದ್ರ ಹತ್ತಿರ.

ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯವರು ಗುಡ್ಡದ ಮೇಲೆ ಮಳೆನೀರು ನಿಲ್ಲುವ ಕೆರೆಗಳಾದ ಮದಕಗಳನ್ನು ಉಳಿಸಿಕೊಂಡರು, ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಲ್ಲು ಮಣ್ಣಿನ ಕಟ್ಟ ಹಾಕಿದರು, ನೀರಿಗಾಗಿ ಗುಡ್ಡದೊಳಕ್ಕೆ ಸುರಂಗ ತೋಡಿದರು. ಒಬ್ಬ ಆಳು ನುಸುಳುವಷ್ಟೇ ಅಗಲ. ಮೇಣದ ಬತ್ತಿಯ ಬೆಳಕಿನಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಕಡಿಯುತ್ತಾ ಹೋಗಬೇಕು. ಬತ್ತಿ ನಂದುವಂತಾದರೆ ಉಸಿರಾಟಕ್ಕೆ ಗಾಳಿ ಸಾಲದು ಎಂದು ಹೊರಗೆ ಬರಬೇಕು. ಒಸರು ಸಿಕ್ಕಿತೆಂದರೆ ಅಡಿಕೆ ಮರವನ್ನು ಸೀಳಿ ಮಾಡಿದ ಕಾಲುವೆಯಂಥ ದಂಬೆಯಲ್ಲಿ ನೀರು ತಾನಾಗಿ ಅಂಗಳಕ್ಕೆ ಇಳಿಯುತ್ತಿತ್ತು. ಪಂಪು ಬೇಡ, ಕರೆಂಟು ಬೇಡ. ಅದೂ ಮಳೆನೀರೇ, ಗುಡ್ಡ ತಡೆದು ಕೊಟ್ಟದ್ದು.

ಮಳೆಗಾಲದಲ್ಲಿ ಅಂಗಳದ ನಾಲ್ಕು ಗೂಟಗಳಿಗೆ ಬಿಳಿ ಬಟ್ಟೆ ಕಟ್ಟಿ, ನಡುವೆ ಒಂದು ಕಲ್ಲಿಟ್ಟು, ಕೆಳಗೆ ಕೊಡ ಇಟ್ಟು ಮಳೆನೀರು ಹಿಡಿಯುವ ರೂಢಿಯೂ ಇತ್ತು.

ಆಮೇಲೆ ಕೊಳವೆಬಾವಿ ಬಂತು. ಮೇಲಿನ ಪದರದ ನೀರನ್ನೂ ಅದು ಕೆಳಗೆ ಎಳೆಯಿತು. ಎಷ್ಟೋ ಸುರಂಗಗಳು ಒಣಗಿದವು, ತೋಡಿದ ಕೈಗಳಿಗೆ ಕೆಲಸವಿಲ್ಲದಾಯಿತು. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

2004ರಲ್ಲಿ ಕೇರಳ ತನ್ನ ನಗರಸಭಾ ಕಟ್ಟಡ ನಿಯಮಗಳನ್ನು ತಿದ್ದಿ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ನಿಯಮ ಒಳ್ಳೆಯದೇ. ಆದರೆ ಜನರ ಮನಸ್ಸಿನಲ್ಲಿ ಮಳೆಕೊಯ್ಲು ಎಂದರೆ ಟ್ಯಾಂಕು ಎಂದೇ ಕೂತುಬಿಟ್ಟಿತು. 100 ಚದರ ಮೀಟರ್ ಮಾಡಿನ (ಚಾವಣಿಯ) ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಐದನೇ ಒಂದು ಪಾಲು ಪೋಲಾದರೂ 2.8 ಲಕ್ಷ ಲೀಟರ್ ಉಳಿಯುತ್ತದೆ. ಹತ್ತು ಸಾವಿರ ಲೀಟರಿನ ಟ್ಯಾಂಕು ಆಟಿ ತಿಂಗಳ (ಜುಲೈ–ಆಗಸ್ಟ್) ಎರಡು ಮೂರು ಜಡಿಮಳೆಗೆ ತುಂಬಿ ಹರಿಯುತ್ತದೆ. ಬೇಸಗೆಯಲ್ಲಿ ಒಂದು ಸಂಸಾರಕ್ಕೆ ತಿಂಗಳು ಬರುವುದೂ ಕಷ್ಟ.

ತೃಶ್ಶೂರು ಜಿಲ್ಲೆ 2008ರಲ್ಲಿ ಆರಂಭಿಸಿದ 'ಮಳಪ್ಪೊಲಿಮ' ಯೋಜನೆ ಬೇರೆ ದಾರಿ ಹಿಡಿಯಿತು: ಮಾಡಿನ ನೀರನ್ನು ಸೋಸಿ ತೆರೆದ ಬಾವಿಗೆ ಬಿಡುವುದು. ನಮ್ಮಲ್ಲಿ ಮನೆ, ಶಾಲೆ, ಭಜನಾ ಮಂದಿರ, ಎಲ್ಲೆಡೆ ಬಾವಿ ಇದ್ದೇ ಇದೆ. ಬಿಟ್ಟ ನೀರು ಅಲ್ಲೇ ನಿಲ್ಲುವುದಿಲ್ಲ, ನಿಜ. ಮುರಕಲ್ಲಿನ ಸಂದುಗಳಲ್ಲಿ ಹರಡಿ ನೆರೆಮನೆಯ ಬಾವಿಗೂ ತಲುಪುತ್ತದೆ. ಅದಕ್ಕೇ ಸಮುದಾಯ ಭವನಗಳ ದೊಡ್ಡ ಮಾಡುಗಳಿಂದಲೇ ಕೆಲಸ ಶುರುವಾಗಬೇಕು ಎನ್ನುತ್ತೇನೆ.

ಬೇಕಾದದ್ದು ದಂಬೆಯ ಬದಲಿಗೆ ಪೈಪು, ಜೊತೆಗೆ ಜಲ್ಲಿ, ಇದ್ದಿಲು, ಮರಳು ತುಂಬಿದ ಒಂದು ಡ್ರಮ್ಮು. ಮೊದಲ ಒಂದೆರಡು ಮಳೆಯನ್ನು ಹೊರಕ್ಕೆ ಬಿಡಬೇಕು. ಹಂಚಿನ ಮೇಲಿನ ತರಗೆಲೆ, ಹಕ್ಕಿಯ ಹಿಕ್ಕೆ ತೊಳೆದು ಹೋಗಲಿ.