ವಸಡು ಕಸಿ: ರಕ್ತ ಎಲ್ಲಿಂದ ಎಂದು ಕೇಳುತ್ತ ಓದೋಣ

ವಸಡು ಸರಿದ ಕಡೆ ಬೇರೆ ಅಂಗಾಂಶ ತಂದು ಕೂರಿಸುವುದು ವಸಡು ಕಸಿ. ಅದರ ಪಾಠ ತೆರೆದರೆ ಮೊದಲು ಎದುರಾಗುವುದು ಹೆಸರುಗಳ ರಾಶಿ. ಫ್ರೀ ಜಿಂಜೈವಲ್ ಗ್ರಾಫ್ಟ್, ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್, ಪೆಡಿಕಲ್, ಟನಲ್, ಮಿಲ್ಲರ್, ಕೈರೊ. ಒಂದೊಂದನ್ನೇ ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನಕ್ಕೆ ಅರ್ಧವೂ ಉಳಿಯುವುದಿಲ್ಲ. ಅದರ ಬದಲು ಪ್ರತಿ ಪುಟದಲ್ಲೂ ಒಂದೇ ಪ್ರಶ್ನೆ ಕೇಳುತ್ತ ಹೋಗಿ: ಕೂರಿಸಿದ ಅಂಗಾಂಶಕ್ಕೆ ರಕ್ತ ಎಲ್ಲಿಂದ ಬರುತ್ತದೆ? ವರ್ಗೀಕರಣ, ವಿಧಾನದ ಆಯ್ಕೆ, ತುಂಡಿನ ಅಳತೆ, ಆಪರೇಷನ್ ನಂತರದ ಪಥ್ಯ, ಬಹುಪಾಲಿಗೆ ಉತ್ತರ ಅಲ್ಲೇ ಸಿಗುತ್ತದೆ.

ವಸಡು ಸರಿಯುವುದು

ಎನಾಮೆಲ್ ಮುಗಿದು ಬೇರಿನ ಸಿಮೆಂಟಮ್ ಶುರುವಾಗುವ ಗಡಿಯೊಂದಿದೆ. ವಸಡಿನ ಅಂಚು ಆ ಗಡಿಯನ್ನು ದಾಟಿ ಬೇರಿನ ತುದಿಯ ಕಡೆಗೆ ಇಳಿದರೆ ಅದು ರಿಸೆಷನ್. ಹಲ್ಲು ಉದ್ದವಾದಂತೆ ಕಾಣುತ್ತದೆ, ತಣ್ಣನೆಯದು ತಾಗಿದರೆ ಜುಮ್ಮೆನ್ನುತ್ತದೆ, ಬೇರಿನ ಮೇಲೆ ಹುಳುಕು ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಹೀಗೆ ಇಳಿದ ವಸಡು ತಾನಾಗಿ ಮೇಲೇರುವುದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಕಾರಣಗಳು ಹಲವು: ಗಡುಸು ಬ್ರಷ್‌ನಿಂದ ಅಡ್ಡಡ್ಡ ಉಜ್ಜುವುದು, ಪೆರಿಯೊಡಾಂಟೈಟಿಸ್ (ಹಲ್ಲಿನ ಆಸರೆಯನ್ನೇ ಕೆಡಿಸುವ ವಸಡಿನ ರೋಗ), ಹಲ್ಲು ಮೂಳೆಯ ಹೊರಕ್ಕೆ ವಾಲಿರುವುದು, ತುಟಿಯನ್ನು ವಸಡಿಗೆ ಕಟ್ಟುವ ಪಟ್ಟಿ ವಸಡನ್ನು ಎಳೆಯುವುದು, ತುಟಿಗೆ ಹಾಕಿದ ಲೋಹದ ಆಭರಣ ಉಜ್ಜುವುದು. ಇವೆಲ್ಲದರ ಹಿಂದೆ ಇನ್ನೊಂದು ಅಂಶವಿದೆ, ವಸಡಿನ ದಪ್ಪ. ತೆಳು ವಸಡು, ಅದರ ಕೆಳಗೆ ತೆಳು ಮೂಳೆ ಇರುವವರಲ್ಲಿ ಸಣ್ಣ ಪೆಟ್ಟಿಗೂ ಅಂಚು ಇಳಿಯುತ್ತದೆ. ದಪ್ಪ ವಸಡು ಅದೇ ಪೆಟ್ಟನ್ನು ತಾಳಿಕೊಳ್ಳುತ್ತದೆ.

ಸರಿದ ವಸಡಿಗೆಲ್ಲ ಕಸಿ ಬೇಕಿಲ್ಲ. ನೋವಿಲ್ಲ, ಇಳಿತ ಮುಂದುವರಿಯುತ್ತಿಲ್ಲ, ನೋಟದ ಬಗ್ಗೆ ಆ ವ್ಯಕ್ತಿಗೆ ಚಿಂತೆಯಿಲ್ಲ ಎಂದರೆ ಅಳತೆ ಬರೆದಿಟ್ಟುಕೊಂಡು ಗಮನಿಸುತ್ತ ಇರಬಹುದು. ಕಸಿ ಮಾಡುವುದಾದರೂ ಕಾರಣವನ್ನು ಮೊದಲು ಸರಿಪಡಿಸಲೇಬೇಕು. ಉಜ್ಜುವ ರೀತಿ ಬದಲಾಗದೆ ಮಾಡಿದ ಕಸಿ ನನ್ನ ಲೆಕ್ಕದಲ್ಲಿ ವ್ಯರ್ಥ.

ಬೇರಿನಲ್ಲಿ ರಕ್ತವಿಲ್ಲ

ಇಡೀ ಪಾಠದ ತಿರುಳು ಇಷ್ಟೇ. ಚರ್ಮದ ಕಸಿಯಲ್ಲಿ ತುಂಡಿನ ಕೆಳಗೆ ಎಲ್ಲ ಕಡೆಯೂ ರಕ್ತನಾಳಗಳಿರುವ ಹಾಸು ಸಿಗುತ್ತದೆ. ವಸಡು ಕಸಿಯಲ್ಲಿ ತುಂಡಿನ ಮಧ್ಯಭಾಗ ಕೂರುವುದು ಬರಿಯ ಬೇರಿನ ಮೇಲೆ. ಅಲ್ಲಿ ಒಂದು ತೊಟ್ಟು ರಕ್ತವೂ ಇಲ್ಲ. ಹಾಗಾಗಿ ಆ ಭಾಗ ಬದುಕುವುದು ಸುತ್ತಲಿನ ಅಂಚುಗಳಿಂದ ಹರಿದುಬರುವ ಪೋಷಣೆಯಿಂದ ಮಾತ್ರ. ತುಂಡನ್ನು ಬೇರಿನ ಅಗಲಕ್ಕಿಂತ ಆಚೀಚೆ ಕೆಲವು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ಪೆರಿಯಾಸ್ಟಿಯಂ (ಮೂಳೆಯ ಮೇಲಿನ ತೆಳು ಹೊದಿಕೆ) ಉಳಿಸಿಕೊಂಡ ಹಾಸಿನ ಮೇಲೆ ಕೂರಿಸುವುದು ಇದಕ್ಕೇ. ತೆರೆದ ಬೇರು ಅಗಲವಾದಷ್ಟೂ ಅದನ್ನು ಮುಚ್ಚುವುದು ಕಷ್ಟ ಏಕೆ ಎಂಬುದೂ ಇಲ್ಲೇ ತಿಳಿಯುತ್ತದೆ.

ಈಗ ರಿಸೆಷನ್‌ನ ವರ್ಗೀಕರಣಕ್ಕೆ ಬನ್ನಿ. ಮಿಲ್ಲರ್ 1985ರಲ್ಲಿ ಕೊಟ್ಟ ನಾಲ್ಕು ವರ್ಗಗಳಲ್ಲಿ ಮೊದಲೆರಡರಲ್ಲಿ ಹಲ್ಲುಗಳ ನಡುವಿನ ಮೂಳೆಯೂ ವಸಡೂ ನಷ್ಟವಾಗಿರುವುದಿಲ್ಲ, ಬೇರು ಪೂರ್ತಿ ಮುಚ್ಚುವ ನಿರೀಕ್ಷೆ ಇಡಬಹುದು. ಮೂರನೆಯದರಲ್ಲಿ ಭಾಗಶಃ ಮಾತ್ರ. ನಾಲ್ಕನೆಯದರಲ್ಲಿ ಆಸೆ ಇಡುವಂತಿಲ್ಲ. ಏಕೆ? ತುಂಡಿಗೆ ಎರಡೂ ಪಕ್ಕದಿಂದ ರಕ್ತ ಕೊಡಬೇಕಾದದ್ದು, ಅದನ್ನು ಎತ್ತರದಲ್ಲಿ ಹಿಡಿದು ನಿಲ್ಲಿಸಬೇಕಾದದ್ದು ಹಲ್ಲುಗಳ ನಡುವಿನ ಅಂಗಾಂಶವೇ. ಅದೇ ಕುಸಿದಿದ್ದರೆ ಆಸರೆ ಎಲ್ಲಿದೆ? ಕೈರೊ ಮತ್ತು ಸಂಗಡಿಗರು 2011ರಲ್ಲಿ ಸೂಚಿಸಿದ ಆರ್‌ಟಿ1, ಆರ್‌ಟಿ2, ಆರ್‌ಟಿ3 ಕ್ರಮ ಈ ಒಂದೇ ಅಂಶವನ್ನು ಅಳೆಯುತ್ತದೆ. ಹಲ್ಲುಗಳ ನಡುವೆ ಅಂಟುವಿಕೆಯ (ವಸಡು ಹಲ್ಲಿಗೆ ಹಿಡಿದುಕೊಂಡಿರುವುದರ) ನಷ್ಟ ಇಲ್ಲದಿದ್ದರೆ ಆರ್‌ಟಿ1; ಇದ್ದೂ ಮುಂಭಾಗದ ನಷ್ಟಕ್ಕಿಂತ ಹೆಚ್ಚಿಲ್ಲದಿದ್ದರೆ ಆರ್‌ಟಿ2; ಮುಂಭಾಗಕ್ಕಿಂತಲೂ ಹೆಚ್ಚಿದ್ದರೆ ಆರ್‌ಟಿ3. ನನಗೆ ಇದೇ ಹೆಚ್ಚು ಹಿಡಿಸುತ್ತದೆ, ಇಳಿತ ಗಟ್ಟಿ ವಸಡಿನ ಗಡಿ ಮುಟ್ಟಿದೆಯೋ ಇಲ್ಲವೋ ಎಂಬ, ಮಿಲ್ಲರ್‌ನ ಒಂದು ಮತ್ತು ಎರಡರ ನಡುವಿನ ಗೊಂದಲ ಇಲ್ಲಿ ಇಲ್ಲ.

ವಿಧಾನಗಳು

ಪೆಡಿಕಲ್ ವಿಧಾನದಲ್ಲಿ ಪಕ್ಕದ ವಸಡನ್ನು ಬುಡದಲ್ಲಿ ಕತ್ತರಿಸದೆ ಸರಿಸಿ ಬೇರಿನ ಮೇಲೆ ತರುತ್ತಾರೆ. ಗ್ರೂಪ್ ಮತ್ತು ವಾರನ್ 1956ರಲ್ಲಿ ವಿವರಿಸಿದ್ದು ಇದನ್ನೇ. ಬುಡ ಕಡಿದಿಲ್ಲವಾದ್ದರಿಂದ ರಕ್ತ ಜೊತೆಯಲ್ಲೇ ಬರುತ್ತದೆ. ಆದರೆ ಪಕ್ಕದಲ್ಲಿ ಕೊಡುವಷ್ಟು ವಸಡು ಇರಬೇಕಲ್ಲ.

ಫ್ರೀ ಜಿಂಜೈವಲ್ ಗ್ರಾಫ್ಟ್‌ನಲ್ಲಿ ಅಂಗುಳದಿಂದ ಮೇಲ್ಪದರ ಸಮೇತ ತುಂಡನ್ನು ಪೂರ್ತಿ ಬಿಡಿಸಿ ತರುತ್ತಾರೆ. ರಕ್ತ ಕೆಳಗಿನಿಂದ ಮಾತ್ರ. ಬೇರು ಮುಚ್ಚುವುದಕ್ಕಿಂತ ಗಟ್ಟಿ ವಸಡಿನ ಅಗಲ ಹೆಚ್ಚಿಸಲು ಇದು ಒಳ್ಳೆಯದು. ಆದರೆ ಬಣ್ಣ ಹೊಂದದೆ ತೇಪೆ ಹಾಕಿದಂತೆ ಕಾಣುತ್ತದೆ, ಅಂಗುಳದ ಗಾಯ ಬಾಯ್ತೆರೆದೇ ಮಾಯಬೇಕು, ನೋವೂ ಹೆಚ್ಚು.

ಈ ಕೊರತೆಗಳನ್ನು ನೀಗಿಸಿದ್ದು ಕನೆಕ್ಟಿವ್ ಟಿಶ್ಯೂ ಗ್ರಾಫ್ಟ್. ಲ್ಯಾಂಗರ್ ಮತ್ತು ಲ್ಯಾಂಗರ್ 1985ರಲ್ಲಿ ಬೇರು ಮುಚ್ಚಲು ಇದನ್ನು ಬಳಸುವ ಕ್ರಮ ಪ್ರಕಟಿಸಿದರು. ಅಂಗುಳದ ಮೇಲ್ಪದರವನ್ನು ಬಾಗಿಲಿನಂತೆ ಎತ್ತಿ, ಒಳಗಿನ ಸಂಯೋಜಕ ಅಂಗಾಂಶವನ್ನಷ್ಟೇ ತೆಗೆದು, ಬಾಗಿಲು ಮುಚ್ಚಿ ಹೊಲಿಯುತ್ತಾರೆ. ತೆಗೆದ ತುಂಡನ್ನು ಬೇರಿನ ಮೇಲಿಟ್ಟು, ಅಲ್ಲಿನ ವಸಡಿನ ಫ್ಲ್ಯಾಪನ್ನು (ಬುಡ ಕಡಿಯದೆ ಬಿಡಿಸಿದ ಪದರವನ್ನು) ಹಲ್ಲಿನ ಕಡೆಗೆ ಎಳೆದು ಹೊದಿಸುತ್ತಾರೆ. ಈಗ ನಮ್ಮ ಪ್ರಶ್ನೆ ಕೇಳಿ ನೋಡಿ. ಕೆಳಗಿನ ಹಾಸಿನಿಂದಲೂ ರಕ್ತ, ಮೇಲಿನ ಫ್ಲ್ಯಾಪಿನಿಂದಲೂ ರಕ್ತ. ಬೇರು ಮುಚ್ಚುವ ಕೆಲಸದಲ್ಲಿ ಉಳಿದ ವಿಧಾನಗಳನ್ನು ಇದರೊಂದಿಗೇ ಹೋಲಿಸಿ ನೋಡುವುದು ಸುಮ್ಮನೆ ಅಲ್ಲ. ಟನಲ್ ವಿಧಾನವೂ ಇದರದೇ ರೂಪ. ಹಲ್ಲುಗಳ ನಡುವಿನ ವಸಡನ್ನು ಕತ್ತರಿಸದೆ ಒಳಗೆ ಸುರಂಗ ಮಾಡಿ ತುಂಡನ್ನು ತೂರಿಸುವುದರಿಂದ ಆ ಭಾಗದ ರಕ್ತಸಂಚಾರ ಕೆಡುವುದಿಲ್ಲ.

ತುಂಡಿಗೆ ಅಂಗುಳವೇ ಏಕೆ? ಮೇಲ್ಪದರ ಹೇಗಿರಬೇಕೆಂದು ನಿರ್ಧರಿಸುವುದು ಕೆಳಗಿನ ಸಂಯೋಜಕ ಅಂಗಾಂಶ ಎಂದು ಕ್ಯಾರಿಂಗ್ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಅಂಗುಳದ ಅಂಗಾಂಶ ತನ್ನ ಮೇಲೆ ಗಟ್ಟಿ ಪದರವನ್ನೇ ಬೆಳೆಸುತ್ತದೆ. ತೆಗೆಯುವ ಜಾಗ ಸಾಮಾನ್ಯವಾಗಿ ಕೋರೆಹಲ್ಲಿನ ಹಿಂಬದಿಯಿಂದ ಮೊದಲ ದವಡೆ ಹಲ್ಲಿನವರೆಗೆ. ಅದಕ್ಕೂ ಮುಂದೆ ಹೋದರೆ ಅಂಗುಳದ ಉಬ್ಬುಗೆರೆಗಳು, ಹಿಂದೆ ಆ ದವಡೆ ಹಲ್ಲಿನ ಒಳಬೇರು ಉಬ್ಬಿ ಅಂಗಾಂಶ ತೆಳುವಾಗಿರುತ್ತದೆ. ಅಂಗುಳಕ್ಕೆ ರಕ್ತ ಒಯ್ಯುವ ಗ್ರೇಟರ್ ಪ್ಯಾಲಟೈನ್ ಅಪಧಮನಿಯ ಹಾದಿಯನ್ನೂ ಮರೆಯಬಾರದು. ಅಂಗುಳ ತಗ್ಗಾಗಿದ್ದಷ್ಟೂ ಅದು ಹಲ್ಲಿಗೆ ಹತ್ತಿರ, ಕತ್ತಿಗೂ ಹತ್ತಿರ. ತುಂಡಿಗೆ ಅಂಟಿದ ಕೊಬ್ಬನ್ನು ತೆಗೆದುಬಿಡುತ್ತಾರೆ, ಪೋಷಕ ದ್ರವ ಒಳಗಿಳಿಯಲು ಅದು ಅಡ್ಡಿ.

ಮಾಯುವ ಹಂತಗಳು

ಮೊದಲ 2-3 ದಿನ ತುಂಡಿನಲ್ಲಿ ರಕ್ತ ಓಡುವುದೇ ಇಲ್ಲ. ಹಾಸಿನಿಂದ ಒಸರುವ ಪ್ಲಾಸ್ಮಾವೇ ಅದರ ಆಹಾರ. ಆಮೇಲೆ ಹೊಸ ರಕ್ತನಾಳಗಳು ಒಳಹೊಕ್ಕು, ಸುಮಾರು 11ನೇ ದಿನದ ಹೊತ್ತಿಗೆ ಸಂಚಾರ ನೆಲೆಗೊಳ್ಳುತ್ತದೆ. ಪಕ್ವವಾಗಲು ಆರು ವಾರದಷ್ಟು ಬೇಕು.

ರೋಗಿಗೆ ಹೇಳುವ ಸೂಚನೆಗಳನ್ನು ಈ ದಿನಗಳ ಪಕ್ಕದಲ್ಲಿಟ್ಟು ಓದಿ. ತುಟಿ ಎಳೆದು ಕನ್ನಡಿಯಲ್ಲಿ ನೋಡಬೇಡಿ ಎನ್ನುವುದು ತುಂಡು ಅಲುಗಿದರೆ ಆಗತಾನೇ ಮೊಳೆತ ನಾಳಗಳು ಹರಿದುಹೋಗುತ್ತವೆ ಎಂದು. ತುಂಡಿನ ಕೆಳಗೆ ರಕ್ತ ಹೆಪ್ಪುಗಟ್ಟಿ ದಪ್ಪವಾದರೂ ಅದೇ ಗತಿ, ಪ್ಲಾಸ್ಮಾ ತಲುಪುವುದಿಲ್ಲ. ಹೊಲಿಗೆ ಮುಗಿದ ಮೇಲೆ ಒದ್ದೆ ಗಾಜ್‌ನಿಂದ ಕೆಲವು ನಿಮಿಷ ಒತ್ತಿ ಹಿಡಿಯುವುದು ಇದಕ್ಕೆ. ಸಿಗರೇಟಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಧೂಮಪಾನಿಗಳಲ್ಲಿ ಬೇರು ಮುಚ್ಚುವ ಪ್ರಮಾಣ ಕಡಿಮೆ. ಸುಮಾರು ಎರಡು ವಾರ ಆ ಜಾಗಕ್ಕೆ ಬ್ರಷ್ ಇಲ್ಲ, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕ ದ್ರವದಿಂದ ಬಾಯಿ ಮುಕ್ಕಳಿಸುವುದು, ಮೆತ್ತನೆಯ ಆಹಾರ. ಹೊಲಿಗೆ ಬಿಚ್ಚುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ.

ಮೊದಲ ವಾರ ತುಂಡು ಬೆಳ್ಳಗೆ, ಕೆಲವೊಮ್ಮೆ ಬೂದುಬಣ್ಣಕ್ಕೆ ತಿರುಗಿ ಸಿಪ್ಪೆ ಏಳುವುದನ್ನು ಕಂಡು ಕಸಿ ಸತ್ತಿತು ಎಂದುಕೊಳ್ಳಬೇಡಿ, ಮೇಲ್ಪದರ ಉದುರುವುದು ಸಹಜ. ಮುಚ್ಚದೆ ಉಳಿದ ಬೇರನ್ನು ನೋಡಿ ಬೇಗನೆ ಇನ್ನೊಂದು ಆಪರೇಷನ್ ಬರೆಯುವುದೂ ಬೇಡ. ಕ್ರೀಪಿಂಗ್ ಅಟ್ಯಾಚ್‌ಮೆಂಟ್ ಎಂದು ಕರೆಯುವ ಪ್ರಕ್ರಿಯೆಯಲ್ಲಿ ವಸಡಿನ ಅಂಚು ಮುಂದಿನ ತಿಂಗಳುಗಳಲ್ಲಿ ತಾನೇ ಸ್ವಲ್ಪ ಮುಂದೆ ಸರಿದು ಒಂದು ಮಿಲಿಮೀಟರ್‌ನಷ್ಟು ಮುಚ್ಚುವುದುಂಟು. ಅಂತಿಮ ಅಳತೆಯನ್ನು ವರ್ಷ ಕಳೆದ ಮೇಲೆ ತೆಗೆದುಕೊಳ್ಳುವುದು ಅದಕ್ಕಾಗಿ.