ಚೂರಿ ಕೆಂಪಾದರೆ ಸುಣ್ಣ ಸಾಲದು

ಸಿಇಟಿ ಕೌನ್ಸೆಲಿಂಗ್ ಹತ್ತಿರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಈ ಸಲ ಕಾರ್ಕಳ ಕಡೆಯ ಹುಡುಗಿಯೊಬ್ಬಳು ಅಪ್ಪನನ್ನು ಕರೆದುಕೊಂಡು ಬ್ರಹ್ಮಾವರಕ್ಕೇ ಬಂದಳು. "ಸರ್, ನನಗೆ ಕೃಷಿ ಕಲಿಸುವ ಟೀಚರ್ ಆಗಬೇಕು. ಏನು ಓದಬೇಕು?" ಕೃಷಿ ಇಲಾಖೆಗೆ ಹೋಗಬೇಕು, ಬ್ಯಾಂಕಿಗೆ ಹೋಗಬೇಕು ಅನ್ನುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ. ಕಲಿಸಬೇಕು ಎಂದು ಬರುವವರು ಕಡಿಮೆ. ತುಂಬಾ ಖುಷಿಯಾಯಿತು. ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆ.

ದಾರಿ ಹೇಳುವುದು ಸುಲಭ. ಪಿಯುಸಿ ವಿಜ್ಞಾನ, ಸಿಇಟಿ, ಆಮೇಲೆ ನಾಲ್ಕು ವರ್ಷದ ಬಿ.ಎಸ್ಸಿ. ಆನರ್ಸ್ ಕೃಷಿ. ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದಕ್ಕೆ ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕರಾವಳಿಯ ಮಕ್ಕಳು ಇದಕ್ಕೆ ಹೆಚ್ಚಾಗಿ ಘಟ್ಟ ಹತ್ತುತ್ತಾರೆ. ಬ್ರಹ್ಮಾವರದ ಸಂಶೋಧನಾ ಕೇಂದ್ರ ಸೇರಿರುವ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೇ ನಮಗೆ ಹತ್ತಿರ. ಮೀನಿನ ಕಡೆ ಮನಸ್ಸಿದ್ದವರಿಗೆ ಮಂಗಳೂರಿನಲ್ಲೇ ಮೀನುಗಾರಿಕೆ ಕಾಲೇಜಿದೆ. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕೆ ಕಾಲೇಜು.

ಡಿಗ್ರಿ ಆದ ಮೇಲೆ ಎರಡು ವರ್ಷದ ಎಂ.ಎಸ್ಸಿ. ಕಾಲೇಜಿನಲ್ಲಿ ಕಲಿಸಬೇಕಾದರೆ ಸಾಮಾನ್ಯವಾಗಿ ನೆಟ್ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಬೇಕು. ಇಲ್ಲಿ ಪ್ರತಿ ವರ್ಷ ಯಾರಾದರೂ ಎಡವುತ್ತಾರೆ. ಕೃಷಿ ವಿಷಯಗಳ ನೆಟ್ ಯುಜಿಸಿಯದ್ದಲ್ಲ. ಅದನ್ನು ನಡೆಸುವುದು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ. ಪ್ರೌಢಶಾಲೆಯಲ್ಲಿ ಕೃಷಿಯನ್ನೇ ಕಲಿಸುವ ಹುದ್ದೆ ನಮ್ಮ ಕಡೆ ಕಡಿಮೆ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ. ಆದರೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ಉಡುಪಿ ಜಿಲ್ಲೆಯದ್ದು ಬ್ರಹ್ಮಾವರದಲ್ಲಿ, ದಕ್ಷಿಣ ಕನ್ನಡದ್ದು ಮಂಗಳೂರಿನ ಕಂಕನಾಡಿಯಲ್ಲಿ. ಅಲ್ಲಿನ ತಜ್ಞರ ಮುಖ್ಯ ಕೆಲಸವೇ ಕಲಿಸುವುದು. ಕಲಿಯುವವರು ಮಾತ್ರ ಮಕ್ಕಳಲ್ಲ, ಮೂವತ್ತು ವರ್ಷ ತೋಟ ಮಾಡಿದವರು.

ಇದನ್ನೆಲ್ಲ ಹುಡುಗಿ ಬರೆದುಕೊಂಡಳು. ನನಗೆ ಹೇಳಬೇಕಿದ್ದದ್ದು ಬೇರೆ ಇತ್ತು.

ಕೃಷಿ ಪದವಿಯ ಕೊನೆಯ ವರ್ಷ ವಿದ್ಯಾರ್ಥಿಗಳು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹೆಸರು, ಎಲ್ಲರೂ 'ರಾವೆ' ಅಂತಲೇ ಕರೆಯುವುದು. ಕೆಲವು ವರ್ಷದ ಹಿಂದೆ ಹೆಬ್ರಿ ಕಡೆಯ ಹಳ್ಳಿಗೆ ಒಂದು ತಂಡ ಬಂದಿತ್ತು. ಅದರಲ್ಲಿ ವಿಜಯಪುರ ಕಡೆಯ ಹುಡುಗನೊಬ್ಬ, ಒಳ್ಳೆ ಮಾರ್ಕಿನವನು. ಒಂದು ಮನೆಯಂಗಳದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಹದಿನೈದು ನಿಮಿಷ ಮಾತಾಡಿದ. ಶಿಲೀಂಧ್ರದ ಹೆಸರು, ಅದು ಹರಡುವ ಬಗೆ, ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣ, ಎಲ್ಲ ಸರಿಯಾಗಿತ್ತು. ಜನ ತಲೆ ಆಡಿಸಿದರು. ಕೊನೆಗೆ ಹಿಂದೆ ನಿಂತಿದ್ದ ಹೆಂಗಸೊಬ್ಬರು ಕೇಳಿದರು: "ಸುಣ್ಣಕ್ಕೆ ತುತ್ತ ಹೊಯ್ಯುವುದಾ, ತುತ್ತಕ್ಕೆ ಸುಣ್ಣವಾ?"

ಹುಡುಗನಿಗೆ ಗೊತ್ತಿರಲಿಲ್ಲ. ದ್ರಾವಣದ ಲೆಕ್ಕ ಗೊತ್ತಿತ್ತು, ಕೈಯಾರೆ ಮಾಡಿರಲಿಲ್ಲ.

ಮರುದಿನ ಅದೇ ಅಂಗಳದಲ್ಲಿ ಮಾಡಿದೆವು. ಒಂದು ಕಿಲೋ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಪಾತ್ರೆ ಪ್ಲಾಸ್ಟಿಕ್ಕಿನದ್ದೇ ಆಗಬೇಕು, ತುತ್ತ ಕಬ್ಬಿಣವನ್ನು ತಿನ್ನುತ್ತದೆ. ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಹೊಯ್ಯಬೇಕು. ಇಲ್ಲದಿದ್ದರೆ ಕಲಕುತ್ತಾ ಸುಣ್ಣದ ನೀರಿಗೆ ತುತ್ತದ ನೀರು ಹೊಯ್ಯಬೇಕು. ತುತ್ತಕ್ಕೆ ಸುಣ್ಣ ಹೊಯ್ಯಬಾರದು. ಕಲಸಿದ್ದು ಆ ಹೆಂಗಸೇ. ನೀಲಿ ಬಣ್ಣ ನೋಡಲು ಚಂದ ಬಂತು. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದೆವು. ಚೂರಿ ಕೆಂಪಾಗಿತ್ತು. ಅಂದರೆ ದ್ರಾವಣದಲ್ಲಿ ಇನ್ನೂ ಬಿಡಿ ತಾಮ್ರ ಉಳಿದಿದೆ. ಹಾಗೇ ಸಿಂಪಡಿಸಿದರೆ ಗೊನೆ ಸುಡುತ್ತದೆ. ಸುಣ್ಣ ಯಾಕೆ ಸಾಲಲಿಲ್ಲ? ಚೀಲ ಬಾಯಿ ಬಿಚ್ಚಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿತ್ತು. ಗಾಳಿ ತಾಗಿ ಸತ್ವ ಹೋಗಿತ್ತು. ಇನ್ನಷ್ಟು ಸುಣ್ಣದ ನೀರು ಹೊಯ್ದು ಮತ್ತೆ ಅದ್ದಿದಾಗ ಚೂರಿ ಬೆಳ್ಳಗೇ ಬಂತು.

ಪುಸ್ತಕದಲ್ಲಿ ಇದಕ್ಕೆ ವಿಧಾನ ಪ್ರಾತ್ಯಕ್ಷಿಕೆ ಎನ್ನುತ್ತಾರೆ. ಎರಡು ಮಾರ್ಕಿನ ಪ್ರಶ್ನೆ. ಆದರೆ ಆ ಹುಡುಗ ಟೀಚರ್ ಆದದ್ದು ಆ ದಿನ ಅಂತ ನನ್ನ ನಂಬಿಕೆ.

ಇನ್ನೊಂದು, ಮಾತಿನ ವಿಷಯ. ನಾಲ್ಕು ವರ್ಷ ಪಾಠವೆಲ್ಲ ಇಂಗ್ಲಿಷಿನಲ್ಲಿ. ಖಾರಿಫ್, ರಬಿ, ಬೇಸಿಗೆ ಬೆಳೆ ಅಂತ ಓದಿ ಬರುತ್ತಾರೆ. ತುಳುನಾಡಿನ ಗದ್ದೆಗೆ ಇಳಿದರೆ ಆ ಮೂರು ಬೆಳೆಗೆ ಏಣೆಲು, ಸುಗ್ಗಿ, ಕೊಳಕೆ ಎನ್ನುತ್ತಾರೆ. ಬೈಲು, ಮಜಲು, ಬೆಟ್ಟು ಅಂದರೆ ಬರೀ ತಗ್ಗು, ನಡು, ಎತ್ತರದ ಜಾಗವಲ್ಲ. ಎಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ, ಎಷ್ಟು ಬೆಳೆ ತೆಗೆಯಬಹುದು ಎನ್ನುವುದು ಆ ಹೆಸರಿನಲ್ಲೇ ಇದೆ. ಬೈಲು ಗದ್ದೆಯವರಿಗೆ ಬೆಟ್ಟು ಗದ್ದೆಯ ಸಲಹೆ ಕೊಟ್ಟರೆ ನಿಮ್ಮ ಮಾತನ್ನು ಮತ್ತೆ ಯಾರು ಕೇಳುತ್ತಾರೆ? ಹಾಗೆಯೇ ಪಿಎಚ್ 5 ಎಂದರೆ ಮುಖ ನೋಡುತ್ತಾರೆ. ಮಣ್ಣು ಹುಳಿಯಾಗಿದೆ ಎನ್ನಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು, ಮಣ್ಣಿನ ಸುಣ್ಣದ ಅಂಶವನ್ನೆಲ್ಲ ಮಳೆಯೇ ತೊಳೆದುಕೊಂಡು ಹೋಗುತ್ತದೆ ಎನ್ನಿ. ಗದ್ದೆಗೆ ಯಾಕೆ ಸುಣ್ಣ ಹಾಕಬೇಕು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಮೊದಲ ಸೆಮಿಸ್ಟರಿನಿಂದಲೇ ಒಂದು ಚಿಕ್ಕ ನೋಟ್‌ಬುಕ್ ಇಡಲು ಹೇಳುತ್ತೇನೆ. ಕ್ಲಾಸಿನಲ್ಲಿ ಕಲಿತ ಪದ ಒಂದು ಕಡೆ, ಅದಕ್ಕೆ ರೈತರು ಹೇಳುವ ಮಾತು ಇನ್ನೊಂದು ಕಡೆ. ಸೆಮಿಸ್ಟರ್ ರಜೆಯಲ್ಲಿ ಊರಿಗೆ ಬಂದಾಗ ಸುಮ್ನೆ ಮೊಬೈಲ್ ಹಿಡಿದು ಕೂರಬೇಡಿ, ಪಕ್ಕದ ಮನೆಯವರ ನಾಟಿಗೆ ಹೋಗಿ. ಎಂ.ಎಸ್ಸಿ.ಗೆ ವಿಷಯ ಆರಿಸುವಾಗ ಕೃಷಿ ವಿಸ್ತರಣೆಯನ್ನು ಮಾರ್ಕು ಕಡಿಮೆ ಬಂದವರ ವಿಷಯ ಎನ್ನುವವರಿದ್ದಾರೆ. ಈ ಮಾತು ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಗುತ್ತದೆ. ದೊಡ್ಡವರಿಗೆ ಹೇಗೆ ಕಲಿಸಬೇಕು, ಹೊಸದನ್ನು ಜನ ಯಾಕೆ ಒಪ್ಪುತ್ತಾರೆ, ಯಾಕೆ ಬಿಡುತ್ತಾರೆ ಎಂದು ಹೇಳಿಕೊಡುವ ವಿಷಯ ಅದು. ಬೇಸಾಯಶಾಸ್ತ್ರವನ್ನೋ ಸಸ್ಯರೋಗಶಾಸ್ತ್ರವನ್ನೋ ತೆಗೆದುಕೊಂಡರೂ ಟೀಚರ್ ಆಗಬಹುದು, ತಪ್ಪಿಲ್ಲ. ಆದರೆ ವಿಸ್ತರಣೆಯ ಪುಸ್ತಕಗಳನ್ನು ಬಿಡಬೇಡಿ.

ಇಷ್ಟು ಹೇಳುವಾಗ ಹುಡುಗಿಯ ಅಪ್ಪ ಸುಮ್ಮನೆ ಕೂತಿದ್ದರು. ಏಳುವ ಹೊತ್ತಿಗೆ ಕೇಳಿದರು: "ಸರ್, ಅಡಿಕೆಗೆ ಮೊದಲ ಮದ್ದು ಮಳೆಗೆ ಮುಂಚೆ ಬಿಡಬೇಕಲ್ವಾ? ನಾನು ಇಷ್ಟು ವರ್ಷ ಅಂದಾಜಿನಲ್ಲೇ ಕಲಸಿದ್ದು. ಆ ಚೂರಿಯದ್ದು ಇನ್ನೊಮ್ಮೆ ಹೇಳಿ."

ಮಳೆ ಹಿಡಿಯುವ ಮೊದಲು ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಎಂದೆ. ಚೂರಿಯ ವಿಷಯ ಮಗಳೇ ಹೇಳಲಿ ಎಂದು ಅವಳ ಕಡೆ ನೋಡಿದೆ. ಅವಳು ನೋಟ್‌ಬುಕ್ ಮುಚ್ಚಿಟ್ಟು ತುಳುವಿನಲ್ಲಿ ಶುರು ಮಾಡಿದಳು. ತುತ್ತ, ಸುಣ್ಣ, ನೀರಿನ ಲೆಕ್ಕ ಸರಿಯಿತ್ತು. ಪಾತ್ರೆಯ ವಿಷಯ ಬಿಟ್ಟಳು. "ನಮ್ಮಲ್ಲಿರುವುದು ತಗಡಿನ ಡ್ರಮ್ ಅಲ್ವಾ?" ಎಂದರು ಅಪ್ಪ. ಅವಳು ಒಂದು ಕ್ಷಣ ನಿಂತು, "ಅದು ಆಗಲಿಕ್ಕಿಲ್ಲ" ಎಂದು ಮೊದಲಿನಿಂದ ಹೇಳತೊಡಗಿದಳು.